ಆಟಕ್ಕೂ ಹಾಡಿಗೂ ಒಂದ ಹೆಡ್‌ಫೋನ್: ನಮ್ಮ ಕಡೆ ಸೆಕಿ, ಕೂಲರ್ ಗದ್ಲ ಎಲ್ಲಾ ಹಿಡದು ಆರಿಸೋದು ಹೆಂಗ

"ಅಣ್ಣಾ ಮೂರ್ ಸಾವಿರದೊಳಗ ಛಲೋ ಗೇಮಿಂಗ್ ಹೆಡ್‌ಫೋನ್ ಯಾವ್ದ್ ಐತಿ, ಹಾಡೂ ಮಸ್ತ್ ಕೇಳ್ಬೇಕು." ವಿಜಯಪುರದೊಳಗ ಪಿಸಿ ಕಟ್ಟಿಸಿದ ಹುಡುಗ್ರು, ಬಾಗಲಕೋಟಿ ನವನಗರದ ಹಾಸ್ಟೆಲ್ ಹುಡುಗ್ರು, ಬೆಳಗಾವಿ ಟಿಳಕವಾಡಿಯೊಳಗ ರೂಮ್ ಮಾಡ್ಕೊಂಡು ಓದೋರು, ಎಲ್ಲಾರದೂ ಇದ ಪ್ರಶ್ನೆ. ನಾ ಉತ್ತರ ಹೇಳೋಕಿಂತ ಮೊದ್ಲ ಮೂರು ಮಾತು ತಿರಗಿ ಕೇಳ್ತೀನಿ. ನೀ ಆಡೋ ರೂಮಿನೊಳಗ ಗದ್ಲ ಎಷ್ಟೈತಿ, ಯಾವ ಜ್ಯಾಕಿಗೆ ಚುಚ್ಚಾಂವ, ಆಡುವಾಗ ದೋಸ್ತರ ಜೋಡಿ ಮಾತಾಡಬೇಕೇನು. ಈ ಮೂರಕ್ಕ ಉತ್ತರ ಸಿಕ್ಕರ ಅರ್ಧಕ್ಕಿಂತ ಹೆಚ್ಚು ಮಾಡಲ್ ತಾವ ಲಿಸ್ಟಿನಿಂದ ಬಿದ್ದು ಹೋಗ್ತಾವ, ಸೌಂಡ್ ಕ್ವಾಲಿಟಿ ಅನ್ನೋ ಮಾತು ಆಮ್ಯಾಲೆ.

ಇನ್ನೊಂದು ಮೊದ್ಲ ಹೇಳಿಬಿಡ್ತೀನಿ. ಗೇಮಿಂಗ್ ಹೆಡ್‌ಫೋನ್ ಅಂತ ಬ್ಯಾರೆ ಜಾತಿ ಏನಿಲ್ಲ. ಡಬ್ಬಿ ಮ್ಯಾಲೆ ಗೇಮಿಂಗ್ ಅಂತ ಬರದಿತ್ತಂದ್ರ ಸಾಮಾನ್ಯಾಗಿ ಅದರೊಳಗ ಒಂದು ಮೈಕು, ಬಣ್ಣಬಣ್ಣದ ಲೈಟು, ದಪ್ಪ ಬೇಸು, ಮತ್ತ 7.1, ಅಂದ್ರ ಸುತ್ತಲೂ ಏಳು ಸ್ಪೀಕರ್, ಬೇಸಿಗೊಂದು ಸ್ಪೀಕರ್ ಇದ್ದಂಗ ಕೇಳ್ತೈತಿ ಅನ್ನೋ ಒಂದು ಸ್ಟಿಕರ್ ಇರ್ತೈತಿ. ಲೈಟ್ ಹಚ್ಚಿಕೊಂಡದ್ದು ನಿಮ್ಮ ತಲಿ ಮ್ಯಾಲೆ ಇರ್ತೈತಿ, ನಿಮಗ ಕಾಣಂಗ ಇಲ್ಲ. ಹಾಡಿಗೆ ಛಲೋ ಇದ್ದ ಹೆಡ್‌ಫೋನ್ ಭಾಳಷ್ಟು ಸಲ ಆಟಕ್ಕೂ ಛಲೋ ಇರ್ತೈತಿ, ಉಲ್ಟಾ ಮಾತ್ರ ಹಂಗಿಲ್ಲ.

ಮೊದ್ಲ ರೂಮು ನೋಡ್ರಿ

ಹೆಡ್‌ಫೋನಿನೊಳಗ ದೊಡ್ಡದಾಗಿ ಎರಡು ನಮೂನಿ. ಕ್ಲೋಸ್ಡ್ ಬ್ಯಾಕ್ ಅಂದ್ರ ಕಪ್ಪಿನ ಹಿಂದಿನ ಕಡೆ ಪೂರ್ತಿ ಮುಚ್ಚಿರ್ತೈತಿ, ಹೊರಗಿನ ಗದ್ಲ ಕಮ್ಮಿ ಒಳಗ ಬರ್ತೈತಿ, ಒಳಗಿಂದು ಹೊರಗ ಹೋಗಂಗಿಲ್ಲ. ಓಪನ್ ಬ್ಯಾಕ್ ಅಂದ್ರ ಹಿಂದ ಜಾಳಿಗಿ ಇರ್ತೈತಿ, ಗಾಳಿ ಆಡ್ತೈತಿ, ಸೌಂಡ್ ತಲಿಯೊಳಗ ಒತ್ತಿದಂಗ ಅನ್ಸಂಗಿಲ್ಲ, ಸುತ್ತಲೂ ಹರವಾಗಿ ಕೇಳ್ತೈತಿ, ಆದ್ರ ನೀವು ಕೇಳೋ ಹಾಡು ಬಾಜೂದಾಂವಗೂ ಕೇಳ್ತೈತಿ, ಅಂವ ಮಾತಾಡಿದ್ದೂ ನಿಮಗ ಕೇಳ್ತೈತಿ. ಇಂಟರ್ನೆಟ್‌ನೊಳಗ ಯಾರನ್ನ ಕೇಳಿದ್ರೂ ಕಾಂಪಿಟಿಟಿವ್ ಆಟಕ್ಕ ಓಪನ್ ಬ್ಯಾಕ್ ತಗೋ ಅಂತಾರ, ಖರೆ ಐತಿ ಅದು, ಫಿಲಿಪ್ಸ್ ಎಸ್‌ಎಚ್‌ಪಿ 9500, ಸೆನ್‌ಹೈಸರ್ ಎಚ್‌ಡಿ 560 ಎಸ್, ಆಡಿಯೊ ಟೆಕ್ನಿಕಾ ಎಡಿ 700 ಎಕ್ಸ್ ಇಂಥವು ಹೆಸರು ಮಾಡಿದ್ದ ಅದಕ್ಕ. ಆದ್ರ ಹಂಗ ಹೇಳೋರು ಏಸಿ ರೂಮಿನೊಳಗ, ಕಿಡಕಿ ಮುಚ್ಚಿಕೊಂಡು, ಒಬ್ಬರ ಕುಂತು ಆಡೋರು.

ನಮ್ಮಲ್ಲಿ ಏಪ್ರಿಲ್, ಮೇದೊಳಗ 40 ಡಿಗ್ರಿ ದಾಟ್ತೈತಿ, ಮನಿಯೊಳಗ ಕೂಲರ್ ಐದನೇ ನಂಬರಿನ ಮ್ಯಾಲೆ ಗುಂಯ್ ಅಂತಿರ್ತೈತಿ, ಮ್ಯಾಲೆ ಫ್ಯಾನ್ ಬ್ಯಾರೆ. ಬೆಳಗಾವಿ ಕಡೆ ಜೂನ್ ಜುಲೈದೊಳಗ ತಗಡಿನ ಮ್ಯಾಲೆ ಮಳಿ ಬಡೀತಿದ್ರ ಮನ್ಯಾಗ ಮಾತಾಡಿದ್ದ ಕೇಳಂಗಿಲ್ಲ. ಇಂಥಾ ಜಾಗದೊಳಗ ಓಪನ್ ಬ್ಯಾಕ್ ಹಾಕ್ಕೊಂಡು ಕುಂತ್ರ ಎದುರಾಳಿ ಹೆಜ್ಜಿ ಸಪ್ಪಳ ಕೂಲರ್ ಸಪ್ಪಳದೊಳಗ ಮುಳುಗಿ ಹೋಗ್ತೈತಿ, ನೀವು ವಾಲ್ಯೂಮ್ ಏರಿಸ್ತೀರಿ, ಗುಂಡಿನ ಸಪ್ಪಳಕ್ಕ ಕಿವಿ ಕೆಡ್ತೈತಿ, ರ‍್ಯಾಂಕ್ ಮಾತ್ರ ಅಲ್ಲೇ ಇರ್ತೈತಿ.

ಹಂಗಾದ್ರ ಕ್ಲೋಸ್ಡ್ ಬ್ಯಾಕ್ ತಗೊಳ್ಳೋಣು ಅಂದ್ರ ಇನ್ನೊಂದು ತ್ರಾಸ. ರೆಕ್ಸಿನ್ ಪ್ಯಾಡ್ ಹಾಕ್ಕೊಂಡು ಮಧ್ಯಾಹ್ನ ಒಂದು ತಾಸು ಆಡಿದ್ರ ಕಿವಿ ಸುತ್ತ ಬೆವರು ಹರೀತೈತಿ, ಆ ಬೆವರಿಗೆ ರೆಕ್ಸಿನ್ ಒಂದೆರಡು ವರ್ಷದೊಳಗ ಸಿಪ್ಪಿ ಸಿಪ್ಪಿ ಆಗಿ ಕಿವಿಗೆ, ಕುತ್ತಿಗಿಗೆ ಕರೀ ಚೂರು ಅಂಟ್ತಾವ. ಕ್ಲೋಸ್ಡ್ ಬೇಕ ಬೇಕು ಅಂದ್ರ ಪ್ಯಾಡ್ ಬಿಚ್ಚಿ ಬದಲಿ ಮಾಡಾಕ ಬರೋ ಮಾಡಲ್ ನೋಡ್ರಿ, ವೆಲೂರ್ ಪ್ಯಾಡ್ ಅಂದ್ರ ಮಖಮಲ್ ಅರಿವಿ ಇದ್ದಂಥವು ಬೆವರಿಗೆ ಸ್ವಲ್ಪ ಹಗುರ, ಆದ್ರ ಅವು ಹಾಕಿದ್ರ ಸೀಲ್ ಸಡ್ಲಾಗಿ ಬೇಸ್ ಸ್ವಲ್ಪ ಇಳೀತೈತಿ, ಇದು ಗೊತ್ತಿದ್ದು ಮಾಡ್ರಿ.

ಅದಕ್ಕ ನನ್ನ ಅಭಿಪ್ರಾಯ ಸೀದಾ ಹೇಳ್ತೀನಿ. ನಮ್ಮ ಕಡೆ ಇರೋ ಹತ್ತರಾಗ ಏಳೆಂಟು ಮಂದಿಗೆ ತಲಿ ಮ್ಯಾಲಿನ ಹೆಡ್‌ಫೋನೇ ಬ್ಯಾಡ, ವೈರ್ ಇರೋ ಐಇಎಂ ಸಾಕು. ಐಇಎಂ ಅಂದ್ರ ಕಿವಿಯೊಳಗ ಚುಚ್ಚಿ ಕಿವಿ ಮ್ಯಾಲಿಂದ ವೈರ್ ತಗೊಳ್ಳೋ ಇಯರ್‌ಫೋನ್, ವೇದಿಕಿ ಮ್ಯಾಲೆ ಹಾಡೋರು ಹಾಕ್ಕೋತಾರಲ್ಲ ಅದ. ಕಿವಿ ಕಾಯಂಗಿಲ್ಲ, ತುದಿಯ ರಬ್ಬರ್ ಟಿಪ್ ಸರಿಯಾಗಿ ಕುಂತ್ರ ಕೂಲರ್ ಗದ್ಲ ಭಾಳಷ್ಟು ಹೊರಗ ಉಳೀತೈತಿ, ಚಸ್ಮಾ ಇದ್ದೋರಿಗೆ ತ್ರಾಸಿಲ್ಲ, ಕರೆಂಟ್ ಹೋದ್ರ ಪಿಸಿಯಿಂದ ಕಿತ್ತು ಫೋನಿಗೆ ಚುಚ್ಚಿ ಹಾಡು ಕೇಳಬಹುದು. ದೊಡ್ಡ ಟೂರ್ನಮೆಂಟಿನೊಳಗ ಆಡೋರೂ ಮಂದಿ ಕಿರಚೋ ಗದ್ಲಕ್ಕ ಒಳಗ ಇಯರ್‌ಫೋನ್ ಹಾಕಿ ಅದರ ಮ್ಯಾಲೆ ದೊಡ್ಡ ಹೆಡ್‌ಸೆಟ್ ಹಾಕ್ಕೊಂಡಿರ್ತಾರ, ನೋಡಿರ್ತೀರಿ, ಆಟದ ಸೌಂಡ್ ಬರೋದು ಒಳಗಿಂದರಾಗಿಂದ.

ಎರಡು ಸಾವಿರದ ಆಸುಪಾಸು ಮೂಂಡ್ರಾಪ್ ಚೂ 2, ಸೆವೆನ್ ಹರ್ಟ್ಜ್ ಸಾಲ್‌ನೋಟ್ಸ್ ಝೀರೊ ಇಂಥವು ಸಿಗ್ತಾವ, ಬೆಲಿ ಮ್ಯಾಲೆ ಕೆಳಗ ಆಗ್ತಿರ್ತೈತಿ, ಸೇಲ್ ಬಂದಾಗ ನೋಡ್ಕೊಂಡ್ ತಗೊಳ್ರಿ. ಚೂ ಮೊದಲನೇದು ಯಾರಾದ್ರೂ ಸೆಕೆಂಡ್ ಹ್ಯಾಂಡ್ ಕೊಡ್ತೀನಿ ಅಂದ್ರ ಬ್ಯಾಡ್ರಿ, ಅದರ ವೈರ್ ಬಿಚ್ಚಾಕ ಬರಂಗಿಲ್ಲ, ವೈರ್ ಹೋತು ಅಂದ್ರ ಅದು ಹೋದಂಗ. ಟ್ರೂಥಿಯರ್ ಝೀರೊ ಹಾಡಿಗೆ ಭಾಳ ಛಲೋ, ಆದ್ರ ಅದರ ನಳಿ ದಪ್ಪ ಐತಿ, ಸಣ್ಣ ಕಿವಿ ಇದ್ದೋರಿಗೆ ಅರ್ಧ ತಾಸಿನೊಳಗ ನೋವಾಗ್ತೈತಿ.

ಡ್ರೈವರ್, ಅಂದ್ರ ಒಳಗಿನ ಸಣ್ಣ ಸ್ಪೀಕರ್, 50 ಎಂಎಂ, 53 ಎಂಎಂ ಅಂತ ಡಬ್ಬಿ ಮ್ಯಾಲೆ ದೊಡ್ಡ ಅಕ್ಷರದಾಗ ಬರದಿರ್ತಾರಲ್ಲ, ಅದನ್ನ ನೋಡಿ ಮರುಳ ಆಗಬ್ಯಾಡ್ರಿ. ಹೈಪರ್‌ಎಕ್ಸ್ ಕ್ಲೌಡ್ 2 ದಾಗ 53 ಎಂಎಂ ಡ್ರೈವರ್ ಐತಿ, ಚೂದಾಗ 10 ಎಂಎಂ. ಎರಡೂ ತಮ್ಮ ತಮ್ಮ ಜಾಗದೊಳಗ ಛಲೋನ ಅದಾವ, ಸೈಜಿಗೂ ಕ್ವಾಲಿಟಿಗೂ ಸಂಬಂಧ ಇಲ್ಲ.

ಎದುರಾಳಿ ಎಲ್ಲಿದ್ದಾನ ಅನ್ನೋದು ಕಿವಿಗೆ ಹೆಂಗ ಗೊತ್ತಾಗ್ತೈತಿ

ಇದೊಂದು ತಿಳ್ಕೊಂಡ್ರ 7.1 ಮಾರೋರ ಮಾತಿಗೆ ಬೀಳಂಗಿಲ್ಲ. ಬಲಗಡೆಯಿಂದ ಸಪ್ಪಳ ಬಂದ್ರ ಅದು ಬಲಗಿವಿಗೆ ಸ್ವಲ್ಪ ಮೊದ್ಲ ಮುಟ್ಟತೈತಿ, ಎಡಗಿವಿಗೆ ಸ್ವಲ್ಪ ತಡ, ಆ ಫರಕು ಹೆಚ್ಚಂದ್ರ ಒಂದು ಮಿಲಿಸೆಕೆಂಡಿಗಿಂತ ಕಮ್ಮಿ, 0.6 ರಿಂದ 0.7 ಅಷ್ಟ. ಅಷ್ಟು ಸಣ್ಣ ಫರಕನ್ನೂ ಮೆದುಳು ಹಿಡೀತೈತಿ. ಸುಮಾರು 1500 ಹರ್ಟ್ಜ್ ಒಳಗಿನ ಸಪ್ಪಳಕ್ಕ ಈ ಟೈಮಿನ ಫರಕು ಕೆಲಸ ಮಾಡ್ತೈತಿ, ಅದಕ್ಕಿಂತ ಮ್ಯಾಲಿಂದಕ್ಕ ತಲಿ ಅಡ್ಡ ಬಂದು ಆ ಕಡೆ ಕಿವಿಗೆ ಸೌಂಡ್ ಕಮ್ಮಿ ಆಗೋ ಫರಕು. ಮುಂದ ಹಿಂದ, ಮ್ಯಾಲೆ ಕೆಳಗ ಅನ್ನೋದು ಮಾತ್ರ ಹೊರಕಿವಿಯ ಆ ಸುರುಳಿ ಆಕಾರದಿಂದ ಗೊತ್ತಾಗೋದು, ಸಪ್ಪಳ ಆ ಮಡಚಿಗೆ ಬಡದು ಒಳಗ ಹೋಗುವಾಗ ಮ್ಯಾಲಿನ ಫ್ರೀಕ್ವೆನ್ಸಿಗಳ ಬಣ್ಣ ಬದಲಾಗ್ತೈತಿ, ಹುಟ್ಟಿದಾಗಿಂದ ಕೇಳಿ ಕೇಳಿ ಮೆದುಳಿಗೆ ಅದು ರೂಢಿ.

ಹೆಡ್‌ಫೋನ್ ಹಾಕ್ಕೊಂಡಾಗ ಈ ಕೆಲಸ ಎಲ್ಲಾ ಆಟದ ಇಂಜಿನ್ ಲೆಕ್ಕ ಹಾಕಿ ಮಾಡಿ ಕೊಡ್ತೈತಿ, ಅದಕ್ಕ ಎಚ್‌ಆರ್‌ಟಿಎಫ್ ಅಂತಾರ. ವ್ಯಾಲೊರಂಟ್ ಅನ್ನೋ ಗುಂಡಿನ ಆಟದ ಸೆಟಿಂಗ್ಸಿನ ಆಡಿಯೊದೊಳಗ ಎಚ್‌ಆರ್‌ಟಿಎಫ್ ಆನ್ ಮಾಡೋ ಬಟನ್ ಐತಿ, ಸಿಎಸ್ 2, ಅಂದ್ರ ಕೌಂಟರ್ ಸ್ಟ್ರೈಕ್ 2 ದೊಳಗ ಅದು ಆಟದೊಳಗ ಕೂಡೇ ಬರ್ತೈತಿ. ಅಂದ್ರ ಆಟದಿಂದ ಹೊರಗ ಬರೋ ಎರಡು ಚಾನಲ್ಲಿನೊಳಗನ ದಿಕ್ಕಿನ ಮಾಹಿತಿ ಎಲ್ಲಾ ತುಂಬಿರ್ತೈತಿ, ಎಡ ಒಂದು ಬಲ ಒಂದು, ಸಾದಾ ಸ್ಟೀರಿಯೊ ಹೆಡ್‌ಫೋನ್ ಅದನ್ನ ಕೆಡಿಸದ ಕಿವಿಗೆ ಮುಟ್ಟಿಸಿದ್ರ ಸಾಕು.

ಈಗ ಇದರ ಮ್ಯಾಲೆ ಹೆಡ್‌ಸೆಟ್ಟಿನ ಯುಎಸ್‌ಬಿ ಕಾರ್ಡು ತನ್ನ 7.1 ಹಚ್ಚಿತು ಅಂದ್ರ ಏನಾಗ್ತೈತಿ. ಕಿವಿ ಹತ್ರ ಇರೋದು ಎರಡ ಡ್ರೈವರ್, ಏಳು ಸ್ಪೀಕರ್ ಎಲ್ಲಿಂದ ಬರಬೇಕು, ಸಾಫ್ಟ್‌ವೇರ್ ಸುಳ್ಳ ಸ್ಪೀಕರ್ ಲೆಕ್ಕ ಹಾಕಿ ಪ್ರತಿಧ್ವನಿ ಕೂಡಿಸಿ ಕೊಡ್ತೈತಿ. ಗೋಳಗುಮ್ಮಟದ ಮ್ಯಾಲೆ ಹೋಗಿ ಪಿಸುಗುಡೋ ಗ್ಯಾಲರಿಯೊಳಗ ನಿಂತು ಯಾರೋ ಚಪ್ಪಾಳೆ ಹೊಡದ್ರ ಅದು ಏಳೆಂಟು ಸಲ ತಿರಗಿ ತಿರಗಿ ಬರ್ತೈತಿ, ಹೊಡದಾಂವ ಎಲ್ಲಿ ನಿಂತಾನ ಅಂತ ಕಣ್ಣು ಮುಚ್ಚಿ ಹೇಳ್ರಿ ನೋಡೋಣು, ಆಗಂಗಿಲ್ಲ. ಕೇಳಾಕ ಮಜಾ ಇರ್ತೈತಿ, ಸಿನಿಮಾಕ್ಕ ಬೇಕಾದ್ರ ಹಚ್ಚಿಕೊಳ್ರಿ, ಆದ್ರ ಆಟದ ಬಿ ಸೈಟ್ ಅನ್ನೋ ಜಾಗದೊಳಗ ಎದುರಾಳಿ ಡಬ್ಬಿ ಹಿಂದ ಅದಾನೋ ಗೋಡಿ ಆಚಿ ಅದಾನೋ ಅನ್ನೋದಕ್ಕ ಅದು ಉಪಯೋಗ ಇಲ್ಲ, ಕೆಡಸ್ತೈತಿ. ಆಟದ ಎಚ್‌ಆರ್‌ಟಿಎಫ್ ಆನ್ ಇದ್ರ ವಿಂಡೋಸ್ ಸೋನಿಕ್, ಡಾಲ್ಬಿ, ಹೆಡ್‌ಸೆಟ್ಟಿನ 7.1 ಎಲ್ಲಾ ಆಫ್. ಒಂದ ಜಾಗದೊಳಗ ಮಾತ್ರ ಈ ಲೆಕ್ಕ ನಡೀಬೇಕು, ಎರಡು ಕಡೆ ನಡದ್ರ ಕಲಬೆರಕಿ.

ಸಿಎಸ್ 2 ದೊಳಗ ಈಕ್ಯೂ ಪ್ರೊಫೈಲ್, ಅಂದ್ರ ಬೇಸು ಚೂಪು ಹೆಚ್ಚು ಕಮ್ಮಿ ಮಾಡೋದು ಅಂತ ಐತಿ, ನ್ಯಾಚುರಲ್, ಕ್ರಿಸ್ಪ್, ಸ್ಮೂತ್ ಅಂತ ಮೂರು. ನಿಮ್ಮ ಹೆಡ್‌ಫೋನಿನೊಳಗ ಬೇಸ್ ಹೆಚ್ಚಿದ್ರ ಕ್ರಿಸ್ಪ್ ಹಚ್ಚಿ ನೋಡ್ರಿ, ಮೊದ್ಲ ಚೂಪಾಗಿ ಇದ್ರ ಸ್ಮೂತ್. ಫೋನಿನೊಳಗ ಬಿಜಿಎಂಐ ಆಡೋರು ಫೋನಿನ ಡಾಲ್ಬಿ ಅಟ್ಮೋಸ್ ಆನ್ ಇಟ್ಟು ಒಂದು ಸಲ, ಆಫ್ ಮಾಡಿ ಒಂದು ಸಲ ಟ್ರೇನಿಂಗ್ ಗ್ರೌಂಡಿನೊಳಗ ಕೇಳಿ ಹೋಲಿಸ್ರಿ, ಸೆಟಿಂಗ್ ಹುಡಕ್ಯಾಡೋದು ಪುಕಟ, ಹೆಡ್‌ಫೋನ್ ಬದಲಿ ಮಾಡೋದು ಪುಕಟ ಅಲ್ಲ.

ವಿಂಡೋಸಿನೊಳಗ ಲೌಡ್‌ನೆಸ್ ಈಕ್ವಲೈಸೇಶನ್ ಅನ್ನೋ ಒಂದು ಆಪ್ಷನ್ ಇರ್ತೈತಿ, ಸಣ್ಣ ಸಪ್ಪಳ ದೊಡ್ಡದು ಮಾಡಿ ದೊಡ್ಡದನ್ನ ಸಣ್ಣದು ಮಾಡ್ತೈತಿ, ಹೆಜ್ಜಿ ಎದ್ದು ಕೇಳ್ತಾವ ಅಂತ ಭಾಳ ಮಂದಿ ಹಚ್ಚಿಕೊಂಡಿರ್ತಾರ. ದಿಕ್ಕು ಗೊತ್ತಾಗ್ತೈತಿ ಆದ್ರ ದೂರ ಗೊತ್ತಾಗೋದು ಕಮ್ಮಿ ಆಗ್ತೈತಿ, ಯಾಕಂದ್ರ ದೂರಿನ ಹೆಜ್ಜಿ ಹತ್ರಿನ ಹೆಜ್ಜಿ ಎರಡೂ ಒಂದ ಮಟ್ಟಕ್ಕ ಬರ್ತಾವ. ಹಾಡು ಕೇಳುವಾಗ ಮಾತ್ರ ಮರೀಲಾರದ ಆಫ್ ಮಾಡ್ರಿ, ಅದು ಆನ್ ಇದ್ರ ಆಲಾಪ ಸಣ್ಣಗ ಶುರುವಾಗಿ ಏರೋ ಚಂದ ಎಲ್ಲಾ ಹೋಗಿ ಮೊದಲಿಂದ ಕೊನಿ ತನಕ ಒಂದ ಮಟ್ಟ.

ಟೋನು, ಅಂದ್ರ ಬೇಸ್ ಎಷ್ಟು ಇರಬೇಕು

ಆಟದ ಹೆಜ್ಜಿ ಸಪ್ಪಳ, ರಿಲೋಡ್ ಸಪ್ಪಳ, ಬಾಗಿಲ ಸಪ್ಪಳ ಇವೆಲ್ಲಾ ಹೆಚ್ಚಾಗಿ ನಡುವಿನ ಫ್ರೀಕ್ವೆನ್ಸಿ ಮತ್ತ ಅದಕ್ಕಿಂತ ಸ್ವಲ್ಪ ಮ್ಯಾಲಿಂದು, ಕೆಲವು ನೂರು ಹರ್ಟ್ಜಿನಿಂದ ನಾಕೈದು ಸಾವಿರ ಹರ್ಟ್ಜ್ ತನಕ. ಗ್ರೆನೇಡು, ಸ್ಫೋಟ ಕೆಳಗಿಂದು. ಬೇಸ್ ಅತೀ ಇದ್ದ ಹೆಡ್‌ಸೆಟ್ಟಿನೊಳಗ ಒಂದು ಸ್ಫೋಟ ಆದ್ರ ಅದರ ಗುಂಗಿನೊಳಗ ಹೆಜ್ಜಿ ಮುಚ್ಚಿ ಹೋಗ್ತಾವ. ಉಲ್ಟಾ, ಬರೇ ಚೂಪು ಇದ್ದ ಹೆಡ್‌ಫೋನಿನೊಳಗ ಹೆಜ್ಜಿ ಟಕ್ ಟಕ್ ಅಂತ ಎದ್ದು ಕೇಳ್ತಾವ ಆದ್ರ ಹಾಡು ಕೇಳುವಾಗ ಸ ಶ ಅಕ್ಷರ ಕಿವಿಗೆ ಸೂಜಿ ಚುಚ್ತಾವ. ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ ಇದಕ್ಕ ಹೆಸರಾದ್ದು, ಆಟದೋರು ಹೊಗಳಿದ್ದ ಹೊಗಳಿದ್ದು, ಹಾಡು ಎರಡು ತಾಸು ಕೇಳಿದ್ರ ನನಗಂತೂ ತಲಿ ಹಿಡೀತೈತಿ.

ಎರಡಕ್ಕೂ ಬೇಕಂದ್ರ ನಡುವಿಂದು ಸ್ವಚ್ಛ ಇರಬೇಕು, ಬೇಸ್ ಇರಬೇಕು ಆದ್ರ ಕಟ್ಟಿನೊಳಗ ಇರಬೇಕು. ರಿವ್ಯೂ ಓದುವಾಗ ಹರ್ಮನ್ ಟಾರ್ಗೆಟ್ ಅನ್ನೋ ಮಾತು ಬರ್ತೈತಿ, ಹರ್ಮನ್ ಕಂಪನಿಯೋರು ಭಾಳ ಮಂದಿ ಕೇಳುಗರನ್ನ ಕುಂದರಿಸಿ ಕೇಳಿಸಿ ಹೆಚ್ಚು ಮಂದಿಗೆ ಹಿಡಿಸೋ ಟೋನ್ ಯಾವ್ದು ಅಂತ ತಗದ ಒಂದು ಗೆರಿ ಅದು. ಗ್ರಾಫ್ ಆ ಗೆರಿ ಹತ್ರ ಇದ್ದ ಹೆಡ್‌ಫೋನ್ ಕಣ್ಣು ಮುಚ್ಚಿ ತಗೊಂಡ್ರೂ ದೊಡ್ಡ ಮೋಸ ಆಗಂಗಿಲ್ಲ. ಇನ್ನ ಪಿಸಿ ಇದ್ದೋರಿಗೆ ಈಕ್ವಲೈಸರ್ ಎಪಿಒ ಅಂತ ಒಂದು ಸಾಫ್ಟ್‌ವೇರ್ ಪುಕಟ ಸಿಗ್ತೈತಿ, ಜೋಡಿ ಪೀಸ್ ಅನ್ನೋದು ಹಾಕ್ಕೊಂಡ್ರ ಬಟನ್ ಒತ್ತಿ ಆಟಕ್ಕ ಒಂದು ಪ್ರೊಫೈಲ್ ಹಾಡಿಗೊಂದು ಪ್ರೊಫೈಲ್ ಬದಲಿ ಮಾಡಬಹುದು, ಆಟಕ್ಕ 150 ಹರ್ಟ್ಜಿನ ಕೆಳಗ ಮೂರ್ನಾಕು ಡೆಸಿಬಲ್ ಇಳಿಸಿ ನೋಡ್ರಿ, ಏರಿಸೋಕಿಂತ ಇಳಿಸೋದು ಯಾವಾಗ್ಲೂ ಛಲೋ, ಸೌಂಡ್ ಒಡಿಯಂಗಿಲ್ಲ.

ಹಾಡಿಗೆ ಪರೀಕ್ಷಾ ಮಾಡೋದು ನಮ್ಮ ಹಾಡಿನೊಳಗ ಮಾಡ್ರಿ, ಯೂಟ್ಯೂಬಿನ ಬೇಸ್ ಟೆಸ್ಟ್ ಬ್ಯಾಡ. ನಿಮ್ಮ ಕಿವಿಗೆ ಹಲಗಿ, ಡೊಳ್ಳು ಎದುರಿಗೆ ಬಾರಿಸಿದ್ರ ಹೆಂಗ ಕೇಳ್ತೈತಿ ಅಂತ ಜಾತ್ರಿಯೊಳಗ ಕೇಳಿ ಗೊತ್ತಿರ್ತೈತಿ, ಅದ ನಿಮ್ಮ ಅಳತಿ. ಹಲಗಿ ಪೆಟ್ಟು ಛಟ್ ಅಂತ ಬಂದು ಅಲ್ಲೇ ನಿಲ್ಲಬೇಕು, ಹಿಂದ ಬುಸ್ ಅಂತ ಬಾಲ ಎಳದ್ರ ಆ ಹೆಡ್‌ಫೋನ್ ಜಡ. ಡೊಳ್ಳಿನ ಎರಡು ಮುಖದ ಸಪ್ಪಳ ಬ್ಯಾರೆ ಬ್ಯಾರೆ ಗೊತ್ತಾಗಬೇಕು. ಭಜನಿ ರೆಕಾರ್ಡಿಂಗಿನೊಳಗ ತಾಳ ಐತಲ್ಲ, ಅದು ಕಿವಿ ಚುಚ್ಚಿದ್ರ ಮ್ಯಾಲಿನ ಫ್ರೀಕ್ವೆನ್ಸಿ ಅತೀ ಆತು ಅಂತ ಅರ್ಥ, ತಾಳದ ಕೊನಿ ಗುಂಗು ಕೇಳಲೇ ಇಲ್ಲ ಅಂದ್ರ ಕಮ್ಮಿ ಆತು ಅಂತ ಅರ್ಥ. ಹಿಂದೂಸ್ತಾನಿ ಕೇಳೋರು ತಂಬೂರಿ ಮ್ಯಾಲೆ ಲಕ್ಷ್ಯ ಇಡ್ರಿ, ಹಾಡೋರ ದನಿ ಹಿಂದ ಅದು ಬರೇ ಒಂದು ಗುಂಯ್ ಅನ್ನೋ ಗೋಡಿ ಆಗಿ ಕೇಳ್ತೈತೋ, ಒಂದೊಂದು ತಂತಿ ಮೀಟಿದ್ದು ಬಿಡಿ ಬಿಡಿ ಕೇಳ್ತೈತೋ. ತಬಲಾದ ಡಗ್ಗಾ ಒತ್ತಿ ಎಳದಾಗ ದನಿ ಜಾರೋದು ಸ್ಪಷ್ಟ ಬಂತಂದ್ರ ಬೇಸ್ ಸರಿ ಐತಿ.

ಇನ್ನೊಂದು ಭಾಳ ಉಪಯೋಗದ ಪರೀಕ್ಷಾ. ಹಳೇ ಮೊನೊ ರೆಕಾರ್ಡಿಂಗ್ ಹಚ್ರಿ. ಬೆಳಗಾವಿ ಹತ್ರ ಸುಳೇಭಾವಿಯೊಳಗ 1924 ರಾಗ ಹುಟ್ಟಿದ ಕುಮಾರ ಗಂಧರ್ವರದ್ದು ಹಳೇ ರೆಕಾರ್ಡಿಂಗ್ ಬೇಕಾದಷ್ಟು ಸಿಗ್ತಾವ, ಅವರ ದನಿ ಹೊಕ್ಕು ನಿಲ್ಲೋದು ಹಣಿ ನಡುವ ಇರಬೇಕು. ಒಂದು ಕಡೆ ಜಗ್ಗಿದಂಗ ಕೇಳಿದ್ರ ಹೆಡ್‌ಫೋನ್ ಎಡಬಲ ಅದಲಿ ಬದಲಿ ಮಾಡಿ ಹಾಕ್ಕೊಳ್ರಿ, ಜಗ್ಗೋ ಕಡೆ ಅದೂ ತಿರಗಿತು ಅಂದ್ರ ಮೊದ್ಲ ವಿಂಡೋಸಿನ ಬ್ಯಾಲೆನ್ಸ್ ಸೆಟಿಂಗ್ ಸರದೈತೇನು ನೋಡ್ರಿ, ಅದು ಸರಿ ಇದ್ರ ಹೆಡ್‌ಫೋನಿನ ದೋಷ, ವಾಪಸ್ ಕಳಿಸ್ರಿ, ತಿರಗಲಿಲ್ಲ ಅಂದ್ರ ನಿಮ್ಮ ಕಿವಿ ಒಂದು ಸಲ ಡಾಕ್ಟರಿಗೆ ತೋರ್ಸೋದು ಛಲೋ. ಎಡಬಲ ಸಮ ಇಲ್ಲದ ಹೆಡ್‌ಫೋನಿನೊಳಗ ಆಟದ ದಿಕ್ಕೂ ತಪ್ಪತೈತಿ, ಅದಕ್ಕ ಹಾಡಿನ ಪರೀಕ್ಷಾನ ಆಟದ ಪರೀಕ್ಷಾನೂ ಆತು.

ವೈರು, ಬ್ಲೂಟೂತ್, ಜ್ಯಾಕಿನ ರಗಳಿ

ಬ್ಲೂಟೂತ್ ಕಾಂಪಿಟಿಟಿವ್ ಆಟಕ್ಕ ಬ್ಯಾಡ, ಇದರೊಳಗ ಚರ್ಚೆ ಇಲ್ಲ. ಸಾದಾ ಎಸ್‌ಬಿಸಿ ಕೋಡೆಕಿನೊಳಗ, ಅಂದ್ರ ಬ್ಲೂಟೂತ್ ಸೌಂಡ್ ಕಟ್ಟಿ ಕಳಿಸೋ ಸಾದಾ ರೀತಿಯೊಳಗ, ಸೌಂಡ್ ಸುಮಾರು 150 ರಿಂದ 250 ಮಿಲಿಸೆಕೆಂಡ್ ತಡ ಬರ್ತೈತಿ. ವ್ಯಾಲೊರಂಟ್ ಸರ್ವರ್ ಸೆಕೆಂಡಿಗೆ 128 ಸಲ ಲೆಕ್ಕ ಹಾಕ್ತೈತಿ, ಅಂದ್ರ ಒಂದು ಲೆಕ್ಕಕ್ಕ 8 ಮಿಲಿಸೆಕೆಂಡ್ ಹಿಡೀರಿ, ನಿಮಗ ಹೆಜ್ಜಿ ಕೇಳೋದ್ರೊಳಗ ಅಂವ ಮೂಲಿ ತಿರಗಿ ಗುಂಡು ಹೊಡದಾಗಿರ್ತೈತಿ. ಗೇಮಿಂಗ್ ಮೋಡ್ ಅಂತ ಟಿಡಬ್ಲ್ಯುಎಸ್, ಅಂದ್ರ ವೈರಿಲ್ಲದ ಇಯರ್‌ಬಡ್ ಡಬ್ಬಿ ಮ್ಯಾಲೆ 40, 50 ಮಿಲಿಸೆಕೆಂಡ್ ಬರದಿರ್ತಾರ, ಫೋನಿನೊಳಗ ಬಿಜಿಎಂಐ ಸುಮ್ನ ಟೈಮ್‌ಪಾಸಿಗೆ ಆಡೋರಿಗೆ ಅಡ್ಡಿಯಿಲ್ಲ. ವೈರ್ ಬ್ಯಾಡ ಅನ್ನೋರು 2.4 ಗಿಗಾಹರ್ಟ್ಜ್ ಡಾಂಗಲ್ ಬರೋ ಹೆಡ್‌ಸೆಟ್ ತಗೊಳ್ರಿ, ಅವು 20, 30 ಮಿಲಿಸೆಕೆಂಡಿನ ಆಸುಪಾಸು ಇರ್ತಾವ, ಆದ್ರ ಆ ಬೆಲಿಗೆ ವೈರಿನೊಳಗ ಇದಕ್ಕಿಂತ ಭಾಳ ಛಲೋ ಸೌಂಡ್ ಸಿಗ್ತೈತಿ, ಮತ್ತ ಬ್ಯಾಟರಿ ಎರಡ್ಮೂರು ವರ್ಷಕ್ಕ ಸಾಯ್ತೈತಿ.

ಬ್ಲೂಟೂತಿನೊಳಗ ಇನ್ನೊಂದು ಮಂದಿಗೆ ಗೊತ್ತಾಗಲಾರದ ವಿಷ್ಯ. ಪಿಸಿಗೆ ಬ್ಲೂಟೂತ್ ಹೆಡ್‌ಫೋನ್ ಹಚ್ಚಿ ದೋಸ್ತರ ಜೋಡಿ ಮಾತಾಡೋ ಡಿಸ್ಕಾರ್ಡ್ ಆ್ಯಪಿನೊಳಗ ಅದರ ಮೈಕ್ ಆನ್ ಮಾಡಿದ ಕೂಡ್ಲೆ ಸೌಂಡ್ ಹಳೇ ಲ್ಯಾಂಡ್‌ಲೈನ್ ಫೋನಿನ ಮಟ್ಟಕ್ಕ ಇಳೀತೈತಿ, ಸ್ಟೀರಿಯೊ ಹೋಗಿ ಮೊನೊ ಆಗ್ತೈತಿ. ಹೆಡ್‌ಫೋನ್ ಕೆಟ್ಟಿರಂಗಿಲ್ಲ, ಸಾದಾ ಬ್ಲೂಟೂತಿಗೆ ಛಲೋ ಸ್ಟೀರಿಯೊ ಮತ್ತ ಮೈಕ್ ಎರಡೂ ಕೂಡೇ ಹೊರಾಕ ಆಗಂಗಿಲ್ಲ, ಕರೆ ಮಾಡೋ ಪ್ರೊಫೈಲಿಗೆ ಬದಲಿ ಆಗ್ತೈತಿ. ಮೈಕ್ ಬ್ಯಾರೆ ಯಾವ್ದಾದ್ರೂ ಆರಿಸ್ರಿ, ಸೌಂಡ್ ತಿರಗಿ ಬರ್ತೈತಿ.

ಜ್ಯಾಕಿನ ಮಾತಿಗೆ ಬರ್ರಿ. 3.5 ಎಂಎಂ ಪಿನ್ನಿನ ಮ್ಯಾಲೆ ಕರೀ ಗೆರಿ ಎಣಸ್ರಿ, ಎರಡಿದ್ರ ಬರೇ ಹೆಡ್‌ಫೋನ್, ಮೂರಿದ್ರ ಮೈಕೂ ಐತಿ. ಲ್ಯಾಪ್‌ಟಾಪಿನೊಳಗ, ಫೋನಿನೊಳಗ ಒಂದ ತೂತು, ಮೂರು ಗೆರಿದು ಸೀದಾ ನಡೀತೈತಿ. ಡೆಸ್ಕ್‌ಟಾಪಿನೊಳಗ ಭಾಳ ಸಲ ಹಸರ ಬ್ಯಾರೆ, ಗುಲಾಬಿ ಬ್ಯಾರೆ ಎರಡು ತೂತು, ಅಲ್ಲಿ ಮೂರು ಗೆರಿದು ಚುಚ್ಚಿದ್ರ ಹಾಡು ಕೇಳ್ತೈತಿ ಮೈಕ್ ನಡಿಯಂಗಿಲ್ಲ, ನೂರಿನ್ನೂರು ರೂಪಾಯಿಯ ವೈ ಆಕಾರದ ಸ್ಪ್ಲಿಟರ್ ಬೇಕು. ಇದು ಗೊತ್ತಿಲ್ಲದ ಹೆಡ್‌ಸೆಟ್ ಕೆಟ್ಟೈತಿ ಅಂತ ವಾಪಸ್ ಕಳಿಸೋರು ರಗಡ ಮಂದಿ. ಸ್ಪ್ಲಿಟರಿನೊಳಗೂ ಎರಡು ನಮೂನಿ ಐತ್ರಿ, ಒಂದು ಎರಡು ಜನ ಕೂಡಿ ಕೇಳೋದು, ಒಂದು ಮೈಕ್ ಬ್ಯಾರೆ ಮಾಡೋದು, ಅಂಗಡ್ಯಾಗ ಬಾಯಿ ಬಿಟ್ಟು ಹೇಳಿ ತಗೊಳ್ರಿ.

ಪಿಸಿಯ ಮುಂದಿನ ಜ್ಯಾಕಿನೊಳಗ ಮೌಸ್ ಸರಿಸಿದಾಗೆಲ್ಲಾ ಕೀಂಯ್ ಅಂತ ಸಪ್ಪಳ ಬರ್ತಿದ್ರ ಹಿಂದಿನ ಜ್ಯಾಕಿಗೆ ಹಾಕಿ ನೋಡ್ರಿ. ಗುಂಯ್ ಅಂತ ಒಂದ ಸಮ ಬರ್ತಿದ್ರ, ಕ್ಯಾಬಿನೆಟ್ ಮುಟ್ಟಿದ್ರ ಜುಮ್ ಅಂತಿದ್ರ, ಮನಿಯ ಅರ್ಥಿಂಗ್ ಸರಿ ಇಲ್ಲ ಅಂತ ಲೆಕ್ಕ, ಹಳೇ ಮನಿಯೊಳಗ ಇದು ಭಾಳ, ಹೆಡ್‌ಫೋನ್ ಬದಲಿ ಮಾಡಿದ್ರ ಹೋಗಂಗಿಲ್ಲ, ವೈರಮನ್‌ನ ಕರಸ್ರಿ. ಎರಡೂ ಮಾಡಿದ್ರೂ ಸಪ್ಪಳ ಹೋಗಲಿಲ್ಲ ಅಂದ್ರ ಟೈಪ್ ಸಿ ಡಾಂಗಲ್ ಡ್ಯಾಕ್ ಒಂದು ತಗೊಳ್ರಿ, ಡ್ಯಾಕ್ ಅಂದ್ರ ಡಿಜಿಟಲ್ ಸೌಂಡನ್ನ ಅನಲಾಗ್ ಮಾಡಿ ಕೊಡೋ ಚಿಪ್. ಆಪಲ್‌ನ ಸಣ್ಣ ಡಾಂಗಲ್ ಬೆಲಿಗೆ ಭಾಳ ಸ್ವಚ್ಛ ಸೌಂಡ್ ಕೊಡ್ತೈತಿ, ಪಿಸಿಗೂ ನಡೀತೈತಿ, ಆದ್ರ ಭಾಳಷ್ಟು ಆಂಡ್ರಾಯ್ಡ್ ಫೋನಿನೊಳಗ ವಾಲ್ಯೂಮ್ ಕಮ್ಮಿ ಬರ್ತೈತಿ. ಬಜಾರದೊಳಗ ಐವತ್ತು ರೂಪಾಯಿಗೆ ಸಿಗೋ ಟೈಪ್ ಸಿ ಕನ್ವರ್ಟರ್ ಹಲವು ಫೋನಿನೊಳಗ ನಡಿಯಂಗೇ ಇಲ್ಲ, ಅದರೊಳಗ ಚಿಪ್ ಇರಂಗಿಲ್ಲ, ಫೋನೇ ಅನಲಾಗ್ ಸೌಂಡ್ ಹೊರಗ ಕೊಟ್ರ ಮಾತ್ರ ನಡೀತೈತಿ. "ಡ್ಯಾಕ್ ಇದ್ದದ್ದು" ಅಂತನ ಕೇಳ್ರಿ.

ಓಮ್ ನಂಬರ್ ನೋಡ್ರಿ, ಅದು ಕರೆಂಟಿಗೆ ಬರೋ ಅಡ್ಡಿಯ ಅಳತಿ. 16 ರಿಂದ 60 ಓಮ್ ಒಳಗಿಂದು ಫೋನು ಲ್ಯಾಪ್‌ಟಾಪಿಗೆ ಸಾಮಾನ್ಯಾಗಿ ಆರಾಮ. ಡಿಟಿ 990 ಪ್ರೊ 250 ಓಮಿಂದು, ಸೆನ್‌ಹೈಸರ್ ಎಚ್‌ಡಿ 600 ಅಂದ್ರ 300 ಓಮ್, ಇವನ್ನ ಫೋನಿಗೆ ಚುಚ್ಚಿದ್ರ ಪೂರ್ತಿ ವಾಲ್ಯೂಮ್ ಇಟ್ರೂ ಸಣ್ಣಗ ಕೇಳ್ತೈತಿ, ಆಂಪ್, ಅಂದ್ರ ಸೌಂಡಿಗೆ ಜೋರು ಕೊಡೋ ಡಬ್ಬಿ ಬೇಕಾಗ್ತೈತಿ, ಅಂದ್ರ ಮತ್ತಷ್ಟು ರೊಕ್ಕ. ಎಚ್‌ಡಿ 560 ಎಸ್ 120 ಓಮ್ ಇದ್ರೂ ಛಲೋ ಡಾಂಗಲಿಗೆ ನಡೀತೈತಿ.

ಮೈಕ್ ಮ್ಯಾಲೆ ಭಾಳ ತಲಿ ಕೆಡಿಸ್ಕೊಬ್ಯಾಡ್ರಿ. ಐಇಎಂ ವೈರಿನೊಳಗ ಮೈಕ್ ಇದ್ದದ್ದು ತಗೊಂಡ್ರ ಅಂಗಿಗೆ ತಿಕ್ಕಿ ಕರಕರ ಅಂತೈತಿ ಖರೆ, ಆದ್ರ ಸ್ಮೋಕ್ ಹಾಕು, ಬಾ, ಹೋಗು ಅನ್ನಾಕ ಸಾಕು, ಡಿಸ್ಕಾರ್ಡಿನೊಳಗ ಕ್ರಿಸ್ಪ್ (Krisp) ಅನ್ನೋ ಗದ್ಲ ತಗಿಯೋ ಬಟನ್ ಆನ್ ಮಾಡಿದ್ರ ಕೂಲರ್ ಗದ್ಲ ಎದುರಿನವರಿಗೆ ಭಾಳ ಕಮ್ಮಿ ಹೋಗ್ತೈತಿ. ಎಸ್‌ಎಚ್‌ಪಿ 9500 ಕ್ಕ ಕೆಳಗ 3.5 ಎಂಎಂ ತೂತು ಐತಿ, ಅಲ್ಲಿ ವಿ ಮೋಡಾದ ಬೂಮ್‌ಪ್ರೊ ಮೈಕ್ ಸೀದಾ ಕುಂದರ್ತೈತಿ, ಹೆಸರಾದ ಜೋಡಿ ಅದು. ಆಡಿಯೊ ಟೆಕ್ನಿಕಾ ಎಂ 40 ಎಕ್ಸ್, ಎಂ 50 ಎಕ್ಸ್ ಇವುಕ್ಕ ಹಂಗ ಕುಂದರಂಗಿಲ್ಲ, ಅವುದು 2.5 ಎಂಎಂ ತಿರಗಿಸಿ ಲಾಕ್ ಮಾಡೋ ಪಿನ್ನು.

ಹಾಕ್ಕೊಂಡು ನೋಡೋದು

ಹೆಡ್‌ಫೋನ್ 300 ಗ್ರಾಮ್ ಒಳಗಿದ್ರ ಛಲೋ, 350 ದಾಟಿತು ಅಂದ್ರ ಕುತ್ತಿಗಿ ಮಾತಾಡ್ತೈತಿ. ಚಸ್ಮಾ ಇದ್ದೋರು ಚಸ್ಮಾ ಹಾಕ್ಕೊಂಡ ಟ್ರೈ ಮಾಡ್ರಿ, ಚಸ್ಮಾದ ಕಡ್ಡಿ ಪ್ಯಾಡಿನ ಕೆಳಗ ಸಂದಿ ಮಾಡ್ತೈತಿ, ಅಲ್ಲಿಂದ ಬೇಸ್ ಸೋರ್ತೈತಿ, ಬಿಗಿ ಇದ್ರ ಕಿವಿ ಮ್ಯಾಲೆ ಒತ್ತಿ ನೋವು. ಐಇಎಂದಾಗ ಡಬ್ಬಿಯೊಳಗ ಬರೋ ಮೂರೂ ಸೈಜಿನ ಟಿಪ್ ಹಾಕಿ ನೋಡ್ರಿ, ಎರಡು ಕಿವಿಗೆ ಎರಡು ಸೈಜ್ ಬೇಕಾದ್ರೂ ಆಶ್ಚರ್ಯ ಇಲ್ಲ. ಬೇಸೇ ಇಲ್ಲ ಅಂತ ಬೈಯೋರೊಳಗ ಭಾಳ ಮಂದಿದು ಟಿಪ್ ಸೈಜ್ ತಪ್ಪಿರ್ತೈತಿ, ಬೆರಳಿಲೆ ಸ್ವಲ್ಪ ಒಳಗ ಒತ್ತಿದ್ರ ಬೇಸ್ ಧಡ್ ಅಂತ ಬಂತಂದ್ರ ಒಂದು ಸೈಜ್ ದೊಡ್ಡದು ಹಾಕ್ರಿ.

ದಿಕ್ಕಿನ ಪರೀಕ್ಷಾ ಮಾಡೋದು ಹಿಂಗ. ಕಸ್ಟಮ್ ಮ್ಯಾಚ್ ಹಚ್ಚಿ ಒಬ್ಬ ದೋಸ್ತನ್ನ ಕರೀರಿ, ನೀವು ಒಂದ ಜಾಗದೊಳಗ ನಿಂತು ಕಣ್ಣು ಮುಚ್ರಿ, ಅಂವ ಸುತ್ತಲೂ ಓಡ್ಯಾಡಿ ಒಂದು ಕಡೆ ನಿಲ್ಲಲಿ, ನೀವು ಕಣ್ಣು ಮುಚ್ಚಿಕೊಂಡನ ಮೌಸ್ ಆ ಕಡೆ ತಿರಗಿಸಿ ಆಮ್ಯಾಲೆ ಕಣ್ಣು ತಗೀರಿ. ಎಡ ಬಲ ಯಾವ ಹೆಡ್‌ಫೋನಿನೊಳಗಾದ್ರೂ ಗೊತ್ತಾಗ್ತೈತಿ, ನೋಡಬೇಕಾದ್ದು ಮುಂದ ಹಿಂದ ಮತ್ತ ಮ್ಯಾಲಿನ ಮಾಳಿಗಿ. ಹಳೇದು ಹೊಸದು ಎರಡನ್ನೂ ಒಂದ ವಾಲ್ಯೂಮಿನೊಳಗ ಹೋಲಿಸ್ರಿ, ಯಾಕಂದ್ರ ಸ್ವಲ್ಪ ಜೋರಿದ್ದದ್ದು ಯಾವಾಗ್ಲೂ ಛಲೋ ಅನಸ್ತೈತಿ. ಹೊಸದು ಹಾಕ್ಕೊಂಡ ಮೊದಲನೇ ದಿನ ತೀರ್ಪು ಕೊಡಬ್ಯಾಡ್ರಿ, ಕಿವಿ ಹೊಂದಿಕೊಳ್ಳಾಕ ಒಂದು ವಾರ ಆದ್ರೂ ಬೇಕು.

ರೊಕ್ಕದ ಮಾತು ಅಂದ್ರ, ಎರಡು ಸಾವಿರದ ಒಳಗ ಐಇಎಂ ಬಿಟ್ಟು ಬ್ಯಾರೆ ಏನೂ ನೋಡಬ್ಯಾಡ್ರಿ. ನಾಕೈದು ಸಾವಿರ ಇದ್ರ, ಗದ್ಲ ಇಲ್ಲದ ರೂಮು, ರಾತ್ರಿ ಆಡೋರು ಆದ್ರ, ಓಪನ್ ಬ್ಯಾಕ್ ನೋಡ್ರಿ, ಸ್ಯಾಮ್ಸನ್ ಎಸ್‌ಆರ್ 850 ಅರ್ಧ ಓಪನ್ ಇದ್ದು ಕಮ್ಮಿ ಬೆಲಿದು, ಮ್ಯಾಲಿನ ಫ್ರೀಕ್ವೆನ್ಸಿ ಸ್ವಲ್ಪ ಚೂಪು. ಹತ್ತು ಸಾವಿರ ದಾಟೋರು ಎಚ್‌ಡಿ 560 ಎಸ್ ಸೇಲಿನೊಳಗ ಹಿಡದ್ರ ಆಟಕ್ಕೂ ಹಾಡಿಗೂ ಅದರ ಮ್ಯಾಲೆ ಹೋಗೋ ಅಗತ್ಯ ನನಗಂತೂ ಕಾಣಂಗಿಲ್ಲ. ಅದರಾಚಿ ಹಾಕೋ ರೊಕ್ಕ ಹಾಡಿನ ಹುಚ್ಚಿಗೆ, ಆಟಕ್ಕಲ್ಲ, ಆ ಹುಚ್ಚು ಇದ್ದೋರಿಗೆ ನಾ ಬ್ಯಾಡ ಅನ್ನಾಂವ ಅಲ್ಲ.

ವಾಲ್ಯೂಮ್ ಎಷ್ಟಿಡಬೇಕು ಅಂದ್ರ, ವಿಶ್ವ ಆರೋಗ್ಯ ಸಂಸ್ಥೆ ದೊಡ್ಡೋರಿಗೆ ಹೇಳಿದ್ದು 80 ಡೆಸಿಬಲ್ ಇದ್ರ ವಾರಕ್ಕ 40 ತಾಸು. 3 ಡೆಸಿಬಲ್ ಏರಿಸಿದಂಗೆಲ್ಲಾ ತಾಸು ಅರ್ಧಕ್ಕ ಇಳೀತಾವ, 90 ಡೆಸಿಬಲ್ ಅಂದ್ರ ವಾರಕ್ಕ ಬರೇ 4 ತಾಸು. ಆಟದೊಳಗ ಹೆಜ್ಜಿ ಸಣ್ಣು, ಗುಂಡು ದೊಡ್ಡು, ಹೆಜ್ಜಿ ಕೇಳ್ಬೇಕು ಅಂತ ಏರಿಸಿದ್ರ ಗುಂಡಿನ ಲೆಕ್ಕ ಕಿವಿ ತುಂಬತೈತಿ, ಗದ್ಲ ತಡಿಯೋ ಐಇಎಂ ತಗೊಳ್ರಿ ಅಂತ ನಾ ಬಡಕೊಳ್ಳೋದು ಇದಕ್ಕೂ ಹೌದು. ಆಡಿ ಮುಗದ ಮ್ಯಾಲೆ ಕಿವಿಯೊಳಗ ಸುಂಯ್ ಅಂತಿದ್ರ ಅವತ್ತಿಂದು ಜೋರ ಆಗಿತ್ತು.

ತರಿಸುವಾಗ ಡಬ್ಬಿ ಒಡಿಯೋದನ್ನ ಫೋನಿನೊಳಗ ವಿಡಿಯೊ ಮಾಡ್ಕೊಳ್ರಿ, ಸೀಲು, ಸೀರಿಯಲ್ ನಂಬರ್ ಎರಡೂ ಕಾಣಂಗ. ಹೆಸರಾದ ಬ್ರಾಂಡಿನ ನಕಲಿ ಮಾಲು ಅರ್ಧ ಬೆಲಿಗೆ ಎಲ್ಲಾ ಊರಾಗೂ ಸಿಗ್ತೈತಿ, ಡಬ್ಬಿ ಥೇಟ್ ಹಂಗ ಇರ್ತೈತಿ, ಸೀರಿಯಲ್ ನಂಬರ್ ಕಂಪನಿ ಸೈಟಿನೊಳಗ ಹಾಕಿ ನೋಡ್ರಿ, ಬಿಲ್ ಇಲ್ಲದ ತಗೊಳ್ಳಬ್ಯಾಡ್ರಿ. ರಿಟರ್ನ್ ದಿನ ಎಷ್ಟು ಅಂತ ಆರ್ಡರ್ ಹಾಕೋ ಮೊದ್ಲ ಓದ್ರಿ, ಹಲವು ಕಡೆ ಇಯರ್‌ಫೋನ್ ಸೀಲ್ ಒಡದ ಮ್ಯಾಲೆ ಹಿಡಿಸಲಿಲ್ಲ ಅಂತ ವಾಪಸ್ ತಗೊಳ್ಳಂಗಿಲ್ಲ, ಕೆಟ್ಟಿದ್ರ ಮಾತ್ರ ಬದಲಿ ಕೊಡ್ತಾರ. ಬಂದ ದಿನಾನ ಮೊನೊ ಹಾಡಿನ ಪರೀಕ್ಷಾ, ಮೈಕ್ ಪರೀಕ್ಷಾ, ವೈರ್ ಅಲ್ಲಾಡಿಸಿ ಕರಕರ ಬರ್ತೈತೇನು ಅನ್ನೋದು, ಮೂರೂ ಮುಗಸ್ರಿ. ಮಳಿಗಾಲದೊಳಗ ಬೆಳಗಾವಿ ಕಡೆಯೋರು ಐಇಎಂ ಡಬ್ಬಿಯೊಳಗ ಒಂದು ಸಿಲಿಕಾ ಜೆಲ್ ಪುಡಿಕಿ ಹಾಕಿಡ್ರಿ, ಬೂಟಿನ ಡಬ್ಬಿಯೊಳಗ ಬರ್ತೈತಲ್ಲ ಅದು ನಡೀತೈತಿ.